ಸುಜಾತಾಳ ಬಫರ್

ಹೊಟ್ಟೆಕಿಚ್ಚು ಪಡಲು ಚಿನ್ನ, ಸೀರೆ, ಕಾರು ಬೇಕು ಅಂತ ಯಾರು ಹೇಳಿದರು? ನನಗೆ ಒಂದು ಬಾಟಲಿ ನೀರು ಸಾಕಾಯಿತು. ಅಂಥಿಂಥ ನೀರಲ್ಲ, ಬಫರ್. ಲ್ಯಾಬಿನಲ್ಲಿ ನಾವು ಪರೀಕ್ಷಿಸುವ ಪ್ರೋಟೀನುಗಳು ಬಹಳ ನಾಜೂಕಿನವು. ಹುಳಿ ತುಸು ಹೆಚ್ಚಾದರೂ ಕಮ್ಮಿಯಾದರೂ ಮುನಿಸಿಕೊಳ್ಳುತ್ತವೆ. ಅವಕ್ಕೆ ಹಿತವಾದ ಹದವನ್ನು ಕೆಡದಂತೆ ಕಾಯುವ ದ್ರಾವಣವೇ ಬಫರ್. ಬ್ರಹ್ಮಾವರದ ಹತ್ತಿರದ ನಮ್ಮ ಲ್ಯಾಬಿನಲ್ಲಿ ಅದನ್ನು ಮಾಡುವವರು ಇಬ್ಬರು: ಕೋಡಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ನಾನು, ಮತ್ತು ಯಡ್ತರೆಯ ಸುಜಾತಾ. ಪುಡಿ ಒಂದೇ, ನೀರು ಒಂದೇ, ತಕ್ಕಡಿ ಒಂದೇ. ಆದರೂ ಸಂಶೋಧನೆಯ ಹುಡುಗಿಯರು ಫ್ರಿಜ್ ತೆರೆದು, ನನ್ನ ಬಾಟಲಿಯನ್ನು ಪಕ್ಕಕ್ಕೆ ಸರಿಸಿ, "ಸುಜಾತಕ್ಕನ ಬಫರ್ ಇತ್ತಾ?" ಅಂತ ಕೇಳುವರು. ಅದೂ ನಾನು ಅಲ್ಲೇ ನಿಂತಿರುವಾಗ! ಮೈ ಉರಿಯದೆ ಇರುತ್ತದೆಯೇ?

ಉರಿ ಹೆಚ್ಚಾದದ್ದು ಜೀವಕೋಶಗಳನ್ನು ಬೆಳೆಸುವ ಹೊಸ ಕೋಣೆಯಿಂದ. ಗಾಜಿನ ಬಾಗಿಲು, ಒಳಗೆ ಎ.ಸಿ. ಅದರ ಉಸ್ತುವಾರಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಅಂತ ಪ್ರೊಫೆಸರರು ಹೇಳಿದ್ದರು. ನಮ್ಮೂರಿನ ಮೇ ತಿಂಗಳ ಬೆವರು ಗೊತ್ತಿದ್ದವರಿಗೆ ನನ್ನ ಆಸೆ ಅರ್ಥವಾದೀತು. ಹಾಗಾಗಿ ಜೀವ ತೇಯ್ದು ದುಡಿದೆ. ಪುಡಿ ಕರಗಿಸಿ, ಆಸಿಡ್ ಹನಿಸಿ, ಹುಳಿ ಅಳೆಯುವ ಪಿಎಚ್ ಮೀಟರಿನ ಅಂಕಿ ಸರಿಯಾದ ತಕ್ಷಣ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯುತ್ತಿದ್ದೆ. ಸುಜಾತಾ? ಆಸಿಡ್ ಹಾಕಿ, ಅರ್ಧಕ್ಕೇ ಬಿಟ್ಟು, "ಹ್ವಾಯ್, ಚಾ ಕುಡ್ಕಂಡ್ ಬಪ್ಪ, ಬಾ" ಅಂತ ಕ್ಯಾಂಟೀನಿಗೆ ಹೊರಡುವಳು. "ನಂಗ್ ಕೆಲ್ಸ ಇತ್ತ್" ಎಂದು ನಾನು ಮುಖ ಗಂಟಿಕ್ಕುತ್ತಿದ್ದೆ. ಬನ್ಸ್ ತಿಂದು, ಹರಟೆ ಹೊಡೆದು ಬಂದವಳ ಬಫರ್ ಅಪ್ಪಟ ಚಿನ್ನ. ನನ್ನದನ್ನು ಬಳಸಿದರೆ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಜೆಲ್ ಮೇಲೆ ಗೆರೆಗಳೆಲ್ಲ ಕಲಸುಮೇಲೋಗರ. ದೇವರಿಗೆ ಕಣ್ಣೇ ಇಲ್ಲ ಅನ್ನಿಸಿತು.

ಕೊನೆಗೊಂದು ದಿನ ಗುಟ್ಟು ತಿಳಿಯಲೆಂದೇ ಅವಳ ಜೊತೆ ಹೋದೆ. ಬನ್ಸ್ ಮುರಿಯುತ್ತಾ, ಆದಷ್ಟು ಸಿಹಿಯಾಗಿ, "ನಿನ್ನ್ ಬಫರಿಗೆ ಎಂತ ಹಾಕುದ್ ಮಾರಾಯ್ತಿ?" ಅಂದೆ.

"ಎಂತದೂ ಇಲ್ಲೆ," ಅಂದಳು ಸುಜಾತಾ. "ಆಸಿಡ್ ಬಿದ್ರೆ ಬಿಸಿ ಆತ್ತಲೆ? ಬಿಸಿ ಬಿಸೀಲೇ ಪಿಎಚ್ ನೋಡ್ರೆ, ತಣ್ದ್ ಮೇಲೆ ಬೇರೆಯೇ ಆತ್ತ್. ತಣೀಲಿ ಅಂದೇಳಿಯೇ ಚಾ ಕುಡುಕ್ ಬಪ್ಪುದ್. ಹೋಯಿ ಮತ್ತೊಂದ್ ಸಲ ನೋಡಿ ಸರಿ ಮಾಡುದ್. ನಾ ದಿನಾ ಕರೂದಿಲ್ಯಾ, ನೀ ಬಂದ್ರೆ ಅಲ್ದಾ?"

ಅಯ್ಯೋ ಕರ್ಮವೇ! ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಗೆ ಮಾತ್ರ ಬಂದಿರಲಿಲ್ಲ. ಗುಟ್ಟನ್ನು ಬಚ್ಚಿಟ್ಟಿದ್ದರಾದರೂ ಅವಳಿಗೆ ಮನಸಾರೆ ಬಯ್ಯಬಹುದಿತ್ತು. ಅದಕ್ಕೂ ಅವಕಾಶ ಕೊಡದ ಅವಳ ಒಳ್ಳೆಯತನ ಕಂಡು ಮತ್ತಷ್ಟು ಹೊಟ್ಟೆ ಉರಿಯಿತು.

ಮರುದಿನ ನಾನೂ ಚಾ ಕುಡಿದು ಬಂದು, ತಣಿದ ದ್ರಾವಣವನ್ನು ಮತ್ತೊಮ್ಮೆ ಸರಿಮಾಡಿ ತುಂಬಿಸಿದೆ. ಗೆರೆಗಳು ಬಾಚಿದ ಕೂದಲಿನಂತೆ ನೇರವಾಗಿ ಬಂದವು. ಪ್ರೊಫೆಸರರು ಜೆಲ್ಲನ್ನು ಬೆಳಕಿಗೆ ಹಿಡಿದು "ಭಲೆ!" ಅಂದರು. ಕೋಣೆ ನನ್ನದೇ ಅಂದುಕೊಂಡೆ. "ಇಷ್ಟು ದಿನ ಆಗದ್ದು ಈಗ ಹೇಗೆ ಸರಿ ಆಯ್ತಮ್ಮಾ?" ಅಂತ ಕೇಳಿದರು. ಉಬ್ಬಿಹೋದವಳ ಬಾಯಿಗೆ ಬುದ್ಧಿ ಎಲ್ಲಿ? "ಸುಜಾತಾ ಹೇಳ್ಕೊಟ್ಲು ಸಾರ್" ಅಂದುಬಿಟ್ಟೆ.

"ಹೌದಾ? ನಿನಗೇ ಕಲಿಸಿದಳು ಅಂದ್ರೆ ಯಾರಿಗೆ ಬೇಕಾದ್ರೂ ಕಲಿಸ್ತಾಳೆ ಬಿಡು" ಎಂದು ಅವರು ಕೋಣೆಯನ್ನು ಅವಳಿಗೇ ಒಪ್ಪಿಸಿದರು. ಹೀಗೆ, ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಮೊತ್ತಮೊದಲ ಬಫರ್ ಸುಜಾತಾಳಿಗೆ ಎ.ಸಿ. ಕೊಡಿಸಿತು.