ಸಲೀಸು ಜೋಡಿ

ಹೆಂಡತಿಯ ತಮ್ಮ ಎಂಬ ಜೀವಿಯನ್ನು ದೇವರು ಸೃಷ್ಟಿಸಿದ್ದೇ ಗಂಡಂದಿರ ನೆಮ್ಮದಿ ಮಿತಿಮೀರಬಾರದೆಂದು, ಎನ್ನುವುದು ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಯಜಮಾನರ ಖಚಿತ ಅಭಿಪ್ರಾಯ. ಅವರ ಭಾವಮೈದ ಹಲ್ಲಿನ ಡಾಕ್ಟರು. ವಾರವೆಲ್ಲ ಊರವರ ಹಲ್ಲು ಕಿತ್ತು, ಭಾನುವಾರ ಗೋದಾಮಿನ ಹಿಂದಿನ ಬಯಲಲ್ಲಿ ರಿಮೋಟು ಹಿಡಿದು ಮೊಳದುದ್ದದ ಕಾರು ಓಡಿಸುತ್ತಾನೆ. ಬ್ಯಾಟರಿಯ ಆಟಿಕೆಯಲ್ಲ, ನೈಟ್ರೋ ಎಂಬ ಎಣ್ಣೆ ಕುಡಿದು, ಹೊಗೆ ಕಾರಿ, ಕಿವಿ ತೂತಾಗುವಂತೆ ಕಿರುಚುವ ನಿಜವಾದ ಇಂಜಿನ್ನಿನದು. ಪ್ರತಿ ವಾರವೂ ಪಂದ್ಯದಲ್ಲಿ ಅವನೇ ಮೊದಲು. ಪ್ರತಿ ವಾರವೂ ಅವನ ಅಕ್ಕನ ಮುಖ ಹುಣ್ಣಿಮೆ.

ಯಜಮಾನರು ತಡೆಯಲಾರದೆ ತಾವೂ ಅದೇ ಕಾರು ಕೊಂಡರು. "ಮೂವತ್ತು ವರ್ಷ ಯಂತ್ರದ ಹೊಟ್ಟೇಲಿ ಕೈಯಿಟ್ಟೋನು ನಾನು. ಹಲ್ಲು ಕೀಳೋನು ನನಗೆ ಹೇಳಿಕೊಡ್ಬೇಕಾ?" ಎಂದು, ಮೊದಲ ದಿನವೇ ಗಾಳಿ ಸೋಸುವ ಫಿಲ್ಟರನ್ನು ಕಿತ್ತಿಟ್ಟರು (ಪಾಪ, ಇಂಜಿನ್ನಿಗೆ ಉಸಿರು ಕಟ್ಟುತ್ತದಂತೆ!). ಎರಡೇ ತಿಂಗಳಲ್ಲಿ ಧೂಳು ಕುಡಿದು ಪಿಸ್ಟನ್ನು ಸವೆಯಿತು. ಭಾವಮೈದನದೂ ಆ ಹೊತ್ತಿಗೇ ಸವೆದಿತ್ತು. ಆದರೆ ಅದು ಗೆದ್ದೂ ಗೆದ್ದೂ ಸವೆದದ್ದು.

ಪಿಸ್ಟನ್ನೊಂದನ್ನೇ ಬದಲಿಸಿದರೆ ಆಗದು. ಅದು ಓಡಾಡುವ ಕೊಳವೆ, ಅಂದರೆ ಸ್ಲೀವು, ಅದನ್ನೂ ಸೇರಿಸಿ ಜೋಡಿಯಾಗಿಯೇ ಹಾಕಬೇಕು. (ಅಲ್ಲಿಯವರೆಗೆ ಯಜಮಾನರು ಬಲ್ಲ ಸ್ಲೀವು ಅಂಗಿಯ ತೋಳೊಂದೇ.) ಕಂಪನಿಯವರೋ ಆ ಇಂಜಿನ್ನು ಮಾಡುವುದನ್ನೇ ನಿಲ್ಲಿಸಿದ್ದರು. ಹನ್ನೊಂದು ಅಂಗಡಿ ಅಲೆದ ಮೇಲೆ, ಮುಚ್ಚಲಿದ್ದ ಒಂದು ಆಟಿಕೆ ಅಂಗಡಿಯಲ್ಲಿ ಎರಡು ಜೋಡಿ ಸಿಕ್ಕವು.

"ಒಂದು ಹೊಸದು ಸ್ವಾಮಿ. ಇನ್ನೊಂದು ಯಾರೋ ಓಡಿಸಿ ವಾಪಸ್ ಕೊಟ್ಟಿದ್ದು. ಎರಡನ್ನೂ ಉಜ್ಜಿಟ್ಟು, ಯಾವುದು ಯಾವುದು ಅಂತ ನನಗೇ ಮರೆತುಹೋಗಿದೆ," ಎಂದ ಅಂಗಡಿಯವ.

ಮನೆಗೆ ತಂದದ್ದೇ ತಡ, ಹೆಂಡತಿ ಕೈಚಾಚಿದರು. "ಒಂದು ನನ್ನ ತಮ್ಮನಿಗೆ ಕೊಡಿ."

"ಯಾಕೆ? ಅಲೆದ ಕಾಲು ನಂದು."

"ಇರೋದು ಒಂದು ಕಾರು. ಎರಡು ಜೋಡೀನ ಕೂಡಿಹಾಕಿ ಮರಿ ಮಾಡಿಸ್ತೀರಾ? ಹೊಟ್ಟೆಕಿಚ್ಚು ಅನ್ರೀ, ಸುಮ್ಮನಾಗ್ತೀನಿ."

"ಹೊಟ್ಟೆಕಿಚ್ಚಾ? ನನಗಾ? ಅದೂ ಆ ಹಲ್ಲುಕುಟ್ಟಿ ಮೇಲಾ?"

ಯಜಮಾನರು ಬಾಗಿಲು ಹಾಕಿಕೊಂಡು ಮಹಾಪರೀಕ್ಷೆಗೆ ಕುಳಿತರು. ಒಂದು ಜೋಡಿಯಲ್ಲಿ ಪಿಸ್ಟನ್ನು ಬೆಣ್ಣೆಯಲ್ಲಿ ಬೆರಳಾಡಿದಂತೆ ಮೇಲಿಂದ ಕೆಳಕ್ಕೆ ಜಾರಿತು. ಇನ್ನೊಂದರಲ್ಲಿ ಮುಕ್ಕಾಲು ಏರಿ ಗಕ್ಕನೆ ಸಿಕ್ಕಿಕೊಂಡಿತು. ಹೊಲಿಗೆ ಯಂತ್ರದ ಶಾಸ್ತ್ರ ಒಂದೇ: ಜಾರಿದ್ದು ಒಳ್ಳೆಯದು, ಸಿಕ್ಕಿದ್ದು ಕೆಟ್ಟದ್ದು. ಸಲೀಸಾದದ್ದನ್ನು ತಮ್ಮ ಕಾರಿಗೆ ಹಾಕಿಕೊಂಡು, ಸಿಕ್ಕಿಕೊಂಡದ್ದನ್ನು ಮಹಾದಾನಿಯ ಗತ್ತಿನಲ್ಲಿ ಭಾವಮೈದನ ಕೈಗಿಟ್ಟರು.

ಅವನು ಪಿಸ್ಟನ್ನನ್ನು ಒತ್ತಿ ನೋಡಿದ. ಮುಖ ಬದಲಾಯಿತು. "ಭಾವ... ಇದನ್ನ ನನಗಾ?"

"ತಗೋಳಪ್ಪಾ. ನಾವೆಲ್ಲ ಬೇರೆಯವರಾ?" ಎಂದು ಯಜಮಾನರು ಮೀಸೆಯೊಳಗೇ ನಕ್ಕರು.

ಭಾನುವಾರ ಭಾವಮೈದ ಕೂದಲೊಣಗಿಸುವ ಯಂತ್ರ ತಂದು ಇಂಜಿನ್ನಿಗೆ ಬಿಸಿಗಾಳಿ ಹಿಡಿದ.

"ಏನಪ್ಪಾ, ಕಾರಿಗೆ ತಲೆಸ್ನಾನ ಮಾಡಿಸಿದ್ಯಾ?" ಎಂದರು ಯಜಮಾನರು.

ಉತ್ತರ ಕೊಟ್ಟದ್ದು ಕಾರು. ಚಾಲೂ ಮಾಡುವ ಹಗ್ಗದ ಒಂದೇ ಎಳೆತಕ್ಕೆ ಕಿರುಚಿಕೊಂಡು ಹೋಯಿತು. ಯಜಮಾನರು ತಮ್ಮ ಇಂಜಿನ್ನಿನ ಹಗ್ಗವನ್ನು ಇಪ್ಪತ್ತು ಸಲ ಎಳೆದರು. ಅದು ಸಲೀಸಾಗಿ ತಿರುಗಿತು, ಸಲೀಸಾಗಿ ಕೆಮ್ಮಿತು, ಸಲೀಸಾಗಿ ಸತ್ತಿತು. ಭುಜ ಇಳಿಬಿದ್ದಿತೇ ಹೊರತು ಕಾರು ಗೇಣು ಮುಂದೆ ಹೋಗಲಿಲ್ಲ.

ಗೆದ್ದ ಭಾವಮೈದ ಎಲ್ಲರನ್ನೂ ಕೂಗಿ ಕರೆದ. "ಹೊಸ ಜೋಡಿ ತಣ್ಣಗಿದ್ದಾಗ ತುದೀಲಿ ಬಿಗಿಯಾಗಿ ಸಿಕ್ಕೋಬೇಕು. ಬಿಸಿ ಮಾಡಿದ್ರೆ ಸ್ಲೀವು ಹಿಗ್ಗಿ ಸರಿಹೋಗುತ್ತೆ. ಸಲೀಸಾಗಿ ಜಾರಿದ್ರೆ ಸವೆದಿದೆ ಅಂತ ಅರ್ಥ. ಇಷ್ಟು ಭಾವನಿಗೆ ಗೊತ್ತಿರಲ್ವಾ? ಗೊತ್ತಿದ್ದೂ ಹೊಸದನ್ನ ನನಗೆ ಕೊಟ್ಟು, ಸವೆದದ್ದನ್ನ ತಾವಿಟ್ಕೊಂಡ್ರು!"

ಚಪ್ಪಾಳೆ ಬಿತ್ತು. ಗೊತ್ತಿರಲಿಲ್ಲ ಎಂದರೆ ಮೂವತ್ತು ವರ್ಷದ ಅನುಭವ ಮಣ್ಣುಪಾಲು. ಯಜಮಾನರು ಹಲ್ಲು ಕಚ್ಚಿ ಉದಾರಿಯಾದರು.

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಹೊಟ್ಟೆಕಿಚ್ಚು ಅಂದ್ಬಿಟ್ನಲ್ಲಾ, ನನ್ನ ನಾಲಿಗೆಗೆ ಬೆಂಕಿ ಹಾಕ! ನೋಡೋ ತಮ್ಮಾ, ಇನ್ಮೇಲೆ ನಿನ್ನ ಕಾರಿಗೆ ಏನೇ ಬೇಕಾದ್ರೂ ನಿಮ್ಮ ಭಾವನೇ ಹುಡುಕಿ ತರ್ತಾರೆ. ಅಲ್ವೇನ್ರೀ?"

ಮಾರನೆಯ ಬೆಳಿಗ್ಗೆ ಯಜಮಾನರು ಅಂಗಡಿಗೆ ಬೀಗ ಹಾಕಿ ಹೊರಟರು. ಭಾವಮೈದನಿಗೆ ಕ್ಲಚ್ಚಿನ ಸ್ಪ್ರಿಂಗು ಬೇಕಾಗಿತ್ತು.