ಉಬ್ಬು ವಿಭಾಗ ಉಳಿದುಕೊಂಡ ಬಗೆ

ಮರ್ಯಾದಸ್ಥರ ಕಾರನ್ನು ಹಿಂದಿನ ಚಕ್ರಗಳೇ ತಳ್ಳಬೇಕು ಎಂಬುದು ಆ ಕಂಪನಿಯಲ್ಲಿ ಅರವತ್ತೆಂಟು ವರ್ಷಗಳಿಂದ ಜಾರಿಯಲ್ಲಿದ್ದ ಸತ್ಯ. ಎಂಜಿನ್ ಮುಂದೆ, ದುಡಿಯುವ ಚಕ್ರಗಳು ಹಿಂದೆ. ಶಕ್ತಿಯನ್ನು ಅಲ್ಲಿಂದ ಇಲ್ಲಿಗೆ ಸಾಗಿಸಲು ಕಾರಿನ ಹೊಟ್ಟೆಯಡಿ ಉದ್ದಕ್ಕೂ ಒಂದು ಶಾಫ್ಟು. ಆ ಶಾಫ್ಟಿಗೆ ಜಾಗ ಬೇಕಲ್ಲ, ಅದಕ್ಕಾಗಿ ಒಳಗೆ ನೆಲದ ನಟ್ಟನಡುವೆ ಒಂದು ಉಬ್ಬು. ಹಿಂದಿನ ಸೀಟಿನ ಮಧ್ಯದಲ್ಲಿ ಕೂತವರು ಒಂದು ಕಾಲನ್ನು ಉಬ್ಬಿನ ಆಚೆಗೆ, ಇನ್ನೊಂದನ್ನು ಈಚೆಗೆ ಇಟ್ಟುಕೊಂಡು, ತಾವು ದುಬಾರಿ ಕಾರಿನಲ್ಲಿದ್ದೇವೆಂದು ಸಮಾಧಾನಪಟ್ಟುಕೊಳ್ಳಬೇಕು. ಮುಂದಿನ ಚಕ್ರಗಳು ಎಳೆಯುವ ಗಾಡಿಗಳಲ್ಲಿ ಶಾಫ್ಟೂ ಇಲ್ಲ, ಉಬ್ಬೂ ಇಲ್ಲ, ನೆಲ ಸಪಾಟು. ಅಂಥವು ಬ್ರೆಡ್ಡು ಸಾಗಿಸಲು ಸರಿ ಎಂದು ಸಂಸ್ಥಾಪಕರು ಹೇಳಿದ ಮಾತು ಕ್ಯಾಂಟೀನಿನ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು.

ಉಬ್ಬಿಗೆಂದೇ ಒಂದು ವಿಭಾಗವಿತ್ತು. ಮೂರು ಕೋಣೆ, ಇಪ್ಪತ್ಮೂರು ಜನ. ಅದರ ಮುಖ್ಯಸ್ಥರನ್ನು ಎಲ್ಲರೂ ಉಬ್ಬಿನ ಸಾಹೇಬರು ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಉಬ್ಬನ್ನೇ ಅಳೆದು ಅಳೆದು ಅವರು ಎಷ್ಟು ಪಳಗಿದ್ದರೆಂದರೆ, ಮನೆಯ ನೆಲ ಸಪಾಟಾಗಿರುವುದನ್ನು ಕಂಡು ಮೇಸ್ತ್ರಿಯ ಮೇಲೇ ಅನುಮಾನಪಟ್ಟಿದ್ದರು.

ಆದರೆ ಮನೆಯಲ್ಲಿ ಅಮ್ಮ ಇದ್ದರು. ಎಪ್ಪತ್ತಾರು ವಯಸ್ಸು, ಎಡ ಮಂಡಿ ಮಡಚಲು ಬಾರದು. ಕಂಪನಿ ಕೊಟ್ಟಿದ್ದ ಕಾರಿನಲ್ಲಿ ಮೊಮ್ಮಗ, ಮೊಮ್ಮಗಳು ಇಬ್ಬರಿಗೂ ಕಿಟಕಿಯೇ ಬೇಕು. ನಡುವೆ ಅಜ್ಜಿ ಕೂರದಿದ್ದರೆ ಬೀದಿ ತಿರುಗುವುದರೊಳಗೆ ಕೈಕೈ ಮಿಲಾಯಿಸುತ್ತಿದ್ದರು. ಹೀಗಾಗಿ ಸಂಸಾರದ ಪಾಲಿನ ಉಬ್ಬು ಅಮ್ಮನದಾಗಿತ್ತು. ಎಲ್ಲಿಗಾದರೂ ಹೋಗಿ ಬಂದರೆ ಎರಡು ದಿನ ಗೋಡೆ ಹಿಡಿದು ನಡೆಯುತ್ತಿದ್ದರು. "ಹೋಗ್ಲಿ ಬಿಡು, ನನ್ನ ಮಗನೇ ಮಾಡಿದ್ದು ತಾನೆ, ಯಾರನ್ನ ಬೈಯ್ಲಿ?" ಎಂದು ಸೊಸೆಯ ಹತ್ತಿರ ಹೇಳುವಾಗ ಸಾಹೇಬರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಇಂತಿರಲು, ಕಂಪನಿಯ ಗ್ರಾಹಕರಲ್ಲಿ ಒಂದು ಅಶಿಸ್ತು ಕಂಡುಬಂತು. ಅವರು ಮದುವೆಯಾಗುತ್ತಿದ್ದರು. ಅಷ್ಟಕ್ಕೇ ನಿಲ್ಲದೆ ಮಕ್ಕಳನ್ನೂ ಹೆರುತ್ತಿದ್ದರು. ಆಮೇಲೆ ಸಪಾಟು ನೆಲದ ಬೇರೆ ಕಂಪನಿಯ ಕಾರು ಕೊಂಡು, ಈ ಕಂಪನಿಯ ಷೋರೂಮಿನ ಮುಂದೆಯೇ ಹಾಯಾಗಿ ಹೋಗುತ್ತಿದ್ದರು. ಆಡಳಿತ ಮಂಡಳಿ ನಾಲ್ಕು ದಿನ ಬಾಗಿಲು ಹಾಕಿಕೊಂಡು ಚರ್ಚಿಸಿ ಸುತ್ತೋಲೆ ಹೊರಡಿಸಿತು:

"ಇಂದು ಬೆಳಿಗ್ಗೆ ಹತ್ತು ಗಂಟೆಯಿಂದ, ಕಾರನ್ನು ಮುಂದಿನ ಚಕ್ರಗಳು ಎಳೆಯುವುದೇ ಗೌರವದ ಲಕ್ಷಣವೆಂದು ತಿಳಿಯತಕ್ಕದ್ದು. ಹತ್ತು ಗಂಟೆಗೆ ಮುಂಚೆ ಬೇರೆ ಅಭಿಪ್ರಾಯ ಹೊಂದಿದ್ದವರು ಅದನ್ನು ಹೊಂದಿರಲಿಲ್ಲವೆಂದು ತಿಳಿಯತಕ್ಕದ್ದು. ಹೊರಗೆ ಚಿಕ್ಕದಾಗಿಯೂ ಒಳಗೆ ವಿಶಾಲವಾಗಿಯೂ ಇರುವ ಕುಟುಂಬದ ಕಾರನ್ನು ತಯಾರಿಸಲು ಆದೇಶಿಸಲಾಗಿದೆ."

ಹನ್ನೊಂದು ಗಂಟೆಯ ಹೊತ್ತಿಗೆ ಸಂಸ್ಥಾಪಕರ ಮಾತನ್ನು ಗೋಡೆಯಿಂದ ಇಳಿಸಿ, ಕಟ್ಟು ಚೆನ್ನಾಗಿದ್ದುದರಿಂದ ಅದಕ್ಕೆ ಕ್ಯಾಂಟೀನಿನ ವೇಳಾಪಟ್ಟಿ ಹಾಕಲಾಯಿತು.

ಸಾಹೇಬರು ಅಂದು ಸಂಜೆ ಚಪ್ಪಲಿ ಬಿಡುವುದಕ್ಕೂ ಪುರಸೊತ್ತಿಲ್ಲದೆ ಒಳಗೆ ಬಂದರು. "ಅಮ್ಮಾ, ಹೊಸ ಕಾರಲ್ಲಿ ಉಬ್ಬು ಇರಲ್ಲ. ನೆಲ ಸಪಾಟು. ನೀನು ಕಾಲು ಚಾಚ್ಕೊಂಡು ಕೂರಬಹುದು."

"ನಿಜವಾಗ್ಲೂನಾ? ಹಾಗಾದ್ರೆ ನಿಂಗೇನು ಕೆಲಸ ಕೊಡ್ತಾರೋ?" ಎಂದರು ಅಮ್ಮ.

ಮೂವತ್ತೊಂದು ವರ್ಷದ ಅನುಭವಿಗೆ ಈ ಪ್ರಶ್ನೆ ಅದುವರೆಗೆ ಹೊಳೆದಿರಲಿಲ್ಲ. ಕಂಪನಿಗೆ ಮಾತ್ರ ಹೊಳೆದಿತ್ತು. ಮಾರನೆಯ ವಾರವೇ ಪತ್ರ ಬಂತು. ಉಬ್ಬು ವಿಭಾಗದ ಅಗತ್ಯವಿದೆಯೇ ಇಲ್ಲವೇ ಎಂಬ ಬಗ್ಗೆ ನಿಷ್ಪಕ್ಷಪಾತವಾದ ವರದಿಯನ್ನು ಉಬ್ಬು ವಿಭಾಗವೇ ತಯಾರಿಸಿ ಒಂದು ತಿಂಗಳೊಳಗೆ ಸಲ್ಲಿಸಬೇಕು. ಅಗತ್ಯವಿಲ್ಲವೆಂದು ಕಂಡುಬಂದಲ್ಲಿ ಇಪ್ಪತ್ಮೂರು ಮಂದಿಯೂ ಅದೇ ವರದಿಯ ಕೆಳಗೆ ರಾಜೀನಾಮೆಯ ಸಹಿ ಹಾಕಿ ಕಾಗದ ಉಳಿಸಬೇಕು. ವಿಭಾಗದಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಹಿರಿಯ ನಕ್ಷೆಗಾರನ ಮಗಳ ಮದುವೆ ನಿಶ್ಚಯವಾಗಿತ್ತು. ಅವನು ಸಾಹೇಬರ ಮೇಜಿನ ಮೇಲೆ ಲಗ್ನಪತ್ರಿಕೆ ಇಟ್ಟು ಹೋದ. ಬೈದಿದ್ದರೂ ಸಾಹೇಬರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಿಯಮದ ಪ್ರಕಾರ ವರದಿಗೆ ಕೂರುವ ಪರೀಕ್ಷೆ ಆಗಬೇಕಿತ್ತು. "ಒಬ್ಬ ಹಿರಿಯ ಮಹಿಳೆ, ಮಂಡಿನೋವಿನ ಅನುಭವವಿರುವವರಿಗೆ ಆದ್ಯತೆ" ಎಂದು ನಿಯಮವೇ ಹೇಳಿತ್ತು. ಸಾಹೇಬರು ಅಮ್ಮನನ್ನೇ ಕರೆತಂದರು.

ಹೊಸ ಕಾರಿನ ಮರದ ಮಾದರಿ ಅದು. ಅಮ್ಮ ಹಿಂದಿನ ಸೀಟಿನ ಮಧ್ಯದಲ್ಲಿ ಕೂತು ಅಭ್ಯಾಸಬಲದಿಂದ ಕಾಲನ್ನು ಎತ್ತಿದರು. ಎತ್ತುವುದಕ್ಕೆ ಅಲ್ಲೇನೂ ಇರಲಿಲ್ಲ. ಮೆಲ್ಲಗೆ ಎಡಗಾಲು ಚಾಚಿದರು, ಆಮೇಲೆ ಬಲಗಾಲು. ಅವರ ಮುಖ ಅರಳಿತು. "ಅಯ್ಯೋ, ಎಷ್ಟೊಂದು ಜಾಗ! ಕಾಲು ಎಲ್ಲಿಡೋದು ಅಂತಾನೇ ಗೊತ್ತಾಗ್ತಿಲ್ವಲ್ಲೋ!" ಎಂದು ಚಿಕ್ಕ ಹುಡುಗಿಯಂತೆ ನಕ್ಕರು.

ಸಾಹೇಬರೂ ನಕ್ಕರು. ಆಮೇಲೆ ಹೊರಗೆ ಕಣ್ಣು ಹಾಯಿಸಿದರು. ಗಾಜಿನ ಬಾಗಿಲ ಆಚೆ ವಿಭಾಗದ ಉಳಿದ ಇಪ್ಪತ್ತೆರಡು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಸಾಹೇಬರು ಪೆನ್ನು ತೆಗೆದು ಬರೆದರು: "ಉಬ್ಬಿನ ಅಭಾವದಿಂದಾಗಿ, ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಹಿರಿಯ ಗ್ರಾಹಕರು ಗೊಂದಲಕ್ಕೊಳಗಾಗಿ ಉದ್ಗರಿಸಿದರು. ಸಾಕ್ಷಿಗಳ ಸಮಕ್ಷಮ." ಅಕ್ಷರ ದುಂಡಗೇ ಇತ್ತು.

ಆಡಳಿತ ಮಂಡಳಿಗೆ ಈ ವರದಿ ಬಹಳ ಹಿಡಿಸಿತು. ಸಪಾಟು ನೆಲ ನೋಡಿದರೆ ಬ್ರೆಡ್ ವ್ಯಾನಿನ ನೆನಪಾಗುತ್ತದೆಂದು ಮಾರಾಟ ಮುಖ್ಯಸ್ಥರಿಗೆ ಮೊದಲೇ ಒಳಗೊಳಗೆ ಕೊರಗಿತ್ತು. "ಜನ ನಮಗೆ ಹೆಚ್ಚಿಗೆ ಕೊಡೋದು ಜಾಗಕ್ಕಲ್ಲ ಸ್ವಾಮಿ, ಅದು ಎಲ್ಲಿ ಬೇಕಾದ್ರೂ ಸಿಗುತ್ತೆ. ಜಾಗ ಇಲ್ಲದೇ ಇರೋದಕ್ಕೆ ಕೊಡ್ತಾರೆ" ಎಂದು ಅವರು ಮೇಜು ಕುಟ್ಟಿದರು. ಶಾಫ್ಟಿಲ್ಲದ ಕಾರಿಗೆ ಉಬ್ಬನ್ನು ಅಳವಡಿಸಲು ಸರ್ವಾನುಮತದ ಒಪ್ಪಿಗೆ ಸಿಕ್ಕಿತು.

ಹೊಸ ಕಾರಿನ ಯೋಜನೆಗೆ ಬಂದಿದ್ದ ಇಂಜಿನಿಯರ್ ಹೆಣ್ಣುಮಗಳೊಬ್ಬಳು ಮಾತ್ರ ಉಬ್ಬಿನ ನಕ್ಷೆ ಹಿಡಿದುಕೊಂಡು ಸಾಹೇಬರ ಬಳಿಗೆ ಬಂದಳು. "ಸರ್, ಇದರ ಒಳಗೆ ಏನೂ ಇಲ್ಲ."

"ಅದಕ್ಕೇ ಹುಷಾರಾಗಿ ಮಾಡ್ಬೇಕಮ್ಮ. ಏನಾದ್ರೂ ಇದ್ದಿದ್ರೆ ಸ್ವಲ್ಪ ಅದುರ್ತಿತ್ತು, ಜನ ತಾವಾಗೇ ನಂಬ್ತಿದ್ರು."

"ಮತ್ತೆ ವಿಶಾಲವಾಗಿರಬೇಕು ಅಂತ ಆದೇಶ ಇದೆಯಲ್ಲ ಸರ್?"

"ವಿಶಾಲವಾಗೇ ಇರುತ್ತೆ. ಉಬ್ಬಿನ ಒಳಗೆ ಎಷ್ಟು ಜಾಗ ಇದೆ ನೋಡು."

ಅವಳು ಲೆಕ್ಕ ಹಾಕಿ ನೋಡಿದಳು. ಅದು ನಿಜವೇ ಆಗಿತ್ತು. ತಿಂಗಳು ಕಳೆಯುವುದರೊಳಗೆ ಅವಳನ್ನು ಶೂನ್ಯ ತಪಾಸಣಾ ಘಟಕಕ್ಕೆ ಬಡ್ತಿ ಕೊಟ್ಟು ಕಳಿಸಿದರು. ಪ್ರತಿ ಕಾರಿನ ಉಬ್ಬಿಗೂ ದೀಪ ಬಿಟ್ಟು ನೋಡಿ, ಒಳಗೆ ಏನೂ ಇಲ್ಲವೆಂದು ಪ್ರಮಾಣಪತ್ರ ಕೊಡುವ ಕೆಲಸ. ಮೊದಮೊದಲು ಮುಖ ಊದಿಸಿಕೊಂಡಿದ್ದಳು. ಆಮೇಲೆ ಒಂದು ಉಬ್ಬಿನೊಳಗೆ ಒಂದು ನಟ್ಟು ಸಿಕ್ಕಿದಾಗ ಇಡೀ ದಿನದ ಕಾರುಗಳನ್ನು ತಡೆಹಿಡಿದು, ಎಲ್ಲರನ್ನೂ ತರಾಟೆಗೆ ತೆಗೆದುಕೊಂಡಳು.

ಉಳಿದದ್ದು ಎತ್ತರದ ಪ್ರಶ್ನೆ. ಹಿಂದೆಲ್ಲ ಅದನ್ನು ಶಾಫ್ಟು ನಿರ್ಧರಿಸುತ್ತಿತ್ತು. ಈಗ ಶಾಫ್ಟಿಲ್ಲದ ಕಾರಣ ಎತ್ತರವನ್ನು ತಡೆಯುವವರೇ ಇರಲಿಲ್ಲ. ಹಳೆಯ ಎತ್ತರವೇ ಇರಲೆಂದು ಸಾಹೇಬರು ಹೇಳಬಹುದಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದಿದ್ದರು. ಅಷ್ಟರಲ್ಲಿ ಉನ್ನತ ಉಬ್ಬಿಗೆ ಉನ್ನತ ನಿರ್ದೇಶಕರ ಹುದ್ದೆಯೊಂದು ಬೇಕಾದೀತೆಂದು ಮಂಡಳಿಯ ಅಧ್ಯಕ್ಷರು ಅವರತ್ತ ನೋಡಿ ನಕ್ಕರು. ಸಾಹೇಬರು ತೆರೆದ ಬಾಯಿಯಿಂದಲೇ, ನಾಲ್ಕು ಬೆರಳು ಏರಿಸಿದರೆ ಶೋಭೆಯಾಗಿರುತ್ತದೆ ಎಂದರು.

ಕಾರು ಬಿಡುಗಡೆಯಾಯಿತು. ಮೊದಲ ಗ್ರಾಹಕರು ಒಳಗೆ ಕೂತು, ಮಂಡಿ ಮೇಲೆತ್ತಿಕೊಂಡು, ಸಣ್ಣ ಕಾರಾದರೂ ಎಷ್ಟು ದೊಡ್ಡ ಕಾರಿನ ಹಾಗಿದೆಯೆಂದು ಮೆಚ್ಚಿದರು. ಬೇರೆ ಕಂಪನಿಗಳೂ ತಮ್ಮ ಸಪಾಟು ನೆಲದ ಬಗ್ಗೆ ನಾಚಿಕೊಂಡು ಉಬ್ಬಿನ ತಯಾರಿಗೆ ತೊಡಗಿದವು. ನಕ್ಷೆಗಾರನ ಮಗಳ ಮದುವೆ ಚೆನ್ನಾಗಿ ನಡೆಯಿತು.

ಹೊಸದಾಗಿ ನಿರ್ದೇಶಕರಾದ ಸಾಹೇಬರು ತಮ್ಮ ಪಾಲಿನ ಕಾರನ್ನು ಒಂದು ಭಾನುವಾರ ಮನೆಗೆ ತಂದರು. ಮಕ್ಕಳಿಬ್ಬರೂ ಕಿಟಕಿ ಹಿಡಿದಾಗಿತ್ತು. ಅಮ್ಮ ಒಳಗೆ ಬಗ್ಗಿ ನೋಡಿದರು. ಮೊಮ್ಮಗಳು ಕಾರಿನ ಪುಸ್ತಕ ತೆಗೆದು ಜೋರಾಗಿ ಓದಿದಳು: "ಹಿರಿಯ ಗ್ರಾಹಕರೊಬ್ಬರ ಕೋರಿಕೆಯ ಮೇರೆಗೆ ಉಬ್ಬನ್ನು ಉಳಿಸಿಕೊಳ್ಳಲಾಗಿದೆ."

"ಆ ಹಿರಿಯರು ನಾನೇ ಏನೋ?" ಎಂದರು ಅಮ್ಮ.

ಸಾಹೇಬರು ಕೀಲಿಕೈಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು. "ಇಪ್ಪತ್ಮೂರು ಮನೆ ಉಳಿಸ್ಬೇಕಿತ್ತು ಅಮ್ಮ" ಎಂದರು.

"ಅದು ಸರಿ ಬಿಡು. ಕೇಳಿದ್ದಿದ್ರೆ ನಾನೇ ಹಾಗೆ ಬರಿ ಅಂತಿದ್ದೆ." ಅಮ್ಮ ಉಬ್ಬಿನ ಮೇಲೆ ಅಂಗೈ ಇಟ್ಟು ಅಳೆದರು. "ಇದು ಮೊದಲಿನದಕ್ಕಿಂತ ನಾಲ್ಕು ಬೆರಳು ಜಾಸ್ತಿ ಇದೆಯಲ್ಲಪ್ಪಾ. ಇದು ಯಾರ ಮನೆಗೆ?"

ಉತ್ತರಕ್ಕಾಗಿ ಅವರು ಕಾಯಲಿಲ್ಲ. ಸೀಟಿನ ಮಧ್ಯಕ್ಕೆ ಸರಿದು, ಬಲಗಾಲನ್ನು ಆಚೆ ಹಾಕಿ, ಎಡಗಾಲನ್ನು ಎತ್ತಿಕೊಡುವಂತೆ ಮೊಮ್ಮಗನಿಗೆ ಹೇಳಿದರು.

"ನಡಿಯಪ್ಪ ನಿರ್ದೇಶಕ, ಹೊತ್ತಾಯ್ತು" ಎಂದರು. ಸಾಹೇಬರು ಕಾರು ಹೊರಡಿಸಿದರು. ಮುಂದಿನ ಚಕ್ರಗಳು ಬಹಳ ಚೆನ್ನಾಗಿ ಎಳೆದವು.