ಮಾವನವರ ಭಾವಚಿತ್ರಕ್ಕೆ ಬಿದ್ದ ಹಾರ

ಈ ಸಲ ಮಾವನವರ ಬಾಯಿಂದ ‘ಭೇಷ್’ ಹೊರಡಿಸಿಯೇ ಸಿದ್ಧ! ಸಿಂಗಪುರದ ಸೆಂಬವಾಂಗಿನ ತನ್ನ ಫ್ಲ್ಯಾಟಿನಲ್ಲಿ, ಕೈಗೆಲ್ಲ ಇದ್ದಿಲು ಬಳಿದುಕೊಂಡು ಅಚ್ಯುತ ಶಪಥ ಮಾಡಿದ. ಮೈಸೂರಿನ ಪಟ್ಟಾಭಿರಾಮಯ್ಯನವರು ಮದುವೆಯ ದಿನ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ “ಪರವಾಗಿಲ್ಲ” ಎಂದಿದ್ದರು. ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಾಗಲೂ ಅದೇ “ಪರವಾಗಿಲ್ಲ”. ಮೊಮ್ಮಗಳು ಹುಟ್ಟಿದಾಗ “ಭೇಷ್” ಅಂದರು, ಅದೂ ಮಗಳಿಗೆ!

ಶನಿವಾರದ ಚಿತ್ರಕಲೆ ಕ್ಲಾಸಿಗೆ ಸೇರಿ ಮೂಗು, ಕಿವಿ ತಿದ್ದಿ ಪಳಗಿದ ಅಚ್ಯುತ, ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿಕೊಂಡು ಮಾವನವರನ್ನು ಇದ್ದಿಲಿನಲ್ಲಿ ಬರೆದೇಬಿಟ್ಟ.

“ಅಪ್ಪಂಗೆ ಇಷ್ಟೊಂದು ಸುಕ್ಕು ಎಲ್ಲಿದೆ ರೀ?” ಎಂದಳು ಹೆಂಡತಿ ನಳಿನಿ.

“ಸುಕ್ಕಲ್ಲ ಕಣೇ, ಶೇಡಿಂಗ್!”

“ಕಣ್ಣು ಯಾಕೆ ಒಳಗೆ ಹೋಗಿದೆ?”

“ಅದು ಡೆಪ್ತ್! ನಿಂಗೆ ಆರ್ಟ್ ಅರ್ಥ ಆಗಲ್ಲ ಬಿಡು.”

ನಳಿನಿ ಅಪ್ಪನನ್ನು ಕರೆತರಲು ಏರ್‌ಪೋರ್ಟಿಗೆ ಹೋದಳು. ಅಚ್ಯುತ ಚಿತ್ರವನ್ನು ಬಾಗಿಲಿನ ಎದುರಿಗೇ ತೂಗುಹಾಕಿ, ಇದ್ದಿಲು ಅಳಿಸಿಹೋಗದಿರಲೆಂದು ಸ್ಪ್ರೇ ಹೊಡೆದ. ಘಾಟು ಮನೆಯೆಲ್ಲ ತುಂಬಿತು. ಘಾಟು ಹೋಗಲೆಂದು ಚಿತ್ರದ ಕೆಳಗೆ ಊದುಬತ್ತಿ ಹಚ್ಚಿ ಬಾಗಿಲು ತೆರೆದಿಟ್ಟ. ಮಾವನವರ ಸ್ವಾಗತಕ್ಕೆ ತಂದಿದ್ದ ಮಲ್ಲಿಗೆ ಹಾರ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಹಿಡಿಯಲಿಲ್ಲ. ಸದ್ಯಕ್ಕೆ ಇಲ್ಲಿರಲಿ ಎಂದು ಚಿತ್ರಕ್ಕೇ ತಗುಲಿಸಿದ.

ಪಕ್ಕದ ಮನೆಯ ಲಿಮ್ ಆಂಟಿ ಇಣುಕಿದರು. ಕಪ್ಪು ಬಿಳುಪಿನ ಮುಖ, ಹೂವಿನ ಹಾರ, ಊದುಬತ್ತಿ. ಸಾಲದ್ದಕ್ಕೆ ಸ್ಪ್ರೇ ಘಾಟಿಗೆ ಅಚ್ಯುತನ ಕಣ್ಣಲ್ಲಿ ಧಾರಾಕಾರ ನೀರು! ಆಂಟಿ ಅವನ ಬೆನ್ನು ಸವರಿ ಹೊರಟುಹೋದರು. ಆಹಾ, ಎಂಥ ಕಲಾಭಿಮಾನ ಎಂದು ಅಚ್ಯುತ ಉಬ್ಬಿಹೋದ.

ಲಿಫ್ಟಿನಿಂದ ನಳಿನಿ, ಮಾವನವರು, ಸೂಟ್‌ಕೇಸು ಇಳಿಯುವುದಕ್ಕೂ, ಲಿಮ್ ಆಂಟಿ, ಚೀನೀಯರು ಸಾವಿನ ಮನೆಗೆ ಒಯ್ಯುವ ಬಿಳಿ ಸೇವಂತಿಗೆ ಹಿಡಿದು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಆಗ ಹೊಳೆಯಿತು ಅಚ್ಯುತನಿಗೆ! ‘ಸತ್ತವರು’ ಎದುರಿಗೇ ನಡೆದು ಬರುತ್ತಿದ್ದಾರೆ, ಆಂಟಿ ಈಗ ಕಿಟಾರನೆ ಕಿರುಚಿಕೊಂಡರೆ?

ಆಂಟಿ ಕಿರುಚಲಿಲ್ಲ. ಹೂವನ್ನು ಮಾವನವರ ಕೈಗಿತ್ತು, “ಸೋ ಸಾರಿ ಅಂಕಲ್. ಯುವರ್ ಫಾದರ್ ಆಹ್? ಸೋ ಓಲ್ಡ್ ಆಲ್ರೆಡಿ, ಡೋಂಟ್ ಬಿ ಸ್ಯಾಡ್ ಲಾ!” ಎಂದರು.

ನಳಿನಿ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡಳು. ಮಾವನವರು ಕನ್ನಡಕ ಏರಿಸಿ ಚಿತ್ರದ ಮುಂದೆ ನಿಂತರು. ನಿಂತೇ ಇದ್ದರು.

“ಮಾವ, ಹಾರ... ಅದು ಫ್ರಿಜ್ಜಲ್ಲಿ ಹಿಡೀಲಿಲ್ಲ...” ಅಚ್ಯುತ ತೊದಲಿದ.

ತಿರುಗಿದ ಮಾವನವರ ಕಣ್ಣು ಒದ್ದೆಯಾಗಿತ್ತು. “ನಮ್ಮಪ್ಪ ಕೊನೇತನಕ ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ, ಅಳಿಯಂದ್ರೇ. ನೀವು ನೋಡದೇನೇ ಹೇಗೆ ಬರೆದ್ರಿ? ಅದೇ ಸುಕ್ಕು, ಅದೇ ಗುಳಿಬಿದ್ದ ಕಣ್ಣು! ಭೇಷ್!”

ಅವರು ಸೇವಂತಿಗೆಯನ್ನು ಚಿತ್ರದ ಕೆಳಗಿಟ್ಟು ಕೈಮುಗಿದರು. ನಿಜ ಹೇಳಲು ಅಚ್ಯುತ ಬಾಯಿ ತೆರೆದ. ನಳಿನಿ ಮೊಣಕೈ ಚಿವುಟಿದಳು. ಬಾಯಿ ಮುಚ್ಚಿಕೊಂಡ.

ಮಾವನವರು ಸೋಫಾದಲ್ಲಿ ನೆಟ್ಟಗೆ ಕೂತು ಕಾಲರ್ ಸರಿಮಾಡಿಕೊಂಡರು. “ಸರಿ, ಇನ್ನು ನಂದೊಂದು ಬರೀರಿ ನೋಡೋಣ.”

ನಳಿನಿ ಇದ್ದಿಲು ತಂದು ಗಂಡನ ಕೈಗಿಟ್ಟು ಕಿವಿಯಲ್ಲಿ ಉಸುರಿದಳು: “ಶೇಡಿಂಗ್ ಸ್ವಲ್ಪ ಕಮ್ಮಿ ಮಾಡ್ರೀ. ಇಲ್ದಿದ್ರೆ ಈ ಸಲ ಮುತ್ತಾತ ಬಂದ್ಬಿಡ್ತಾರೆ!”